ಉಳಿದ ನೈವೇದ್ಯ

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ಪಚ್ಚೆಯ ಲಿಂಗವೊಂದುಂಟು. ಅದರ ಹಿಂದಿನ ಕಥೆ ಕಪಿಲಾತೀರದ ಮಕ್ಕಳಿಗೂ ಗೊತ್ತು. ಅರಸನ ಪಟ್ಟದಾನೆಗೆ ಕಣ್ಣು ಕಾಣದಾಯಿತು. ನಂಜುಂಡನಿಗೆ ಹರಕೆ ಹೊತ್ತು ಒಂದು ಮಂಡಲ, ಎಂದರೆ 48 ದಿನ, ಪೂಜೆ ನಡೆಯಿತು. ಆನೆಗೆ ದೃಷ್ಟಿ ಮರಳಿತು. ಸಂತುಷ್ಟನಾದ ಅರಸನು ಪಚ್ಚೆಯ ಲಿಂಗವನ್ನು ಅರ್ಪಿಸಿ ದೇವರನ್ನು ‘ಹಕೀಂ ನಂಜುಂಡ’ನೆಂದು ಕರೆದನು. ಆ ಅರಸನು ಹೈದರಾಲಿಯೆಂದು ಕೆಲವರು, ಟಿಪ್ಪುಸುಲ್ತಾನನೆಂದು ಬಹುಮಂದಿ ಹೇಳುತ್ತಾರೆ.

ಈ ಕಥೆಯ ಸೊಗಸೆಲ್ಲ ‘ಹಕೀಂ’ ಎಂಬ ಒಂದು ಮಾತಿನಲ್ಲಿದೆ. ಅನ್ಯಮತದ ದೊರೆಯೊಬ್ಬನು ತನ್ನ ನಂಬಿಕೆಯನ್ನು ಬಿಡದೆ, ಎದುರಿನ ನಂಬಿಕೆಯನ್ನು ಹಳಿಯದೆ ಆಡಬಹುದಾದ ಗೌರವದ ಮಾತು ಅದು. ದೇವರೆನ್ನಲಾರದೆ ಆತ ವೈದ್ಯನೆಂದನು. ಆದರೆ ವೈದ್ಯನೆಂದು ಕರೆದ ಮೇಲೆ ವೈದ್ಯನನ್ನು ಕೇಳುವ ಮಾತೊಂದನ್ನೂ ಆತ ಕೇಳುವುದಿಲ್ಲ. ಆನೆಗೆ ಬಂದದ್ದು ಪೊರೆಯೋ, ಗಾಯವೋ, ಉರಿಯೂತವೋ? ಆ 48 ದಿನ ಮಾವುತನು ಕೈಕಟ್ಟಿ ಕುಳಿತಿದ್ದನೋ, ಸೊಪ್ಪಿನ ರಸವನ್ನೇನಾದರೂ ಹಿಂಡಿದನೋ? ಕಥೆ ಮೌನವಾಗಿದೆ. ಶುಲ್ಕ ಸಂದಾಯವಾದೊಡನೆ ಚಿಕಿತ್ಸೆಯ ಪ್ರಶ್ನೆ ಮುಗಿದುಹೋಗಿದೆ.

ಇದೇ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿದ ಮೇಲೆ, ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ ಇನ್ನೊಬ್ಬ ವೈದ್ಯನಿದ್ದಾನೆ. ತಲ ಮತ್ತು ಕಾಡ ಎಂಬ ಇಬ್ಬರು ಬೇಡರು, ಆನೆಗಳು ಪೂಜಿಸುತ್ತಿದ್ದ ಮರವೊಂದಕ್ಕೆ ಕೊಡಲಿಯಿಟ್ಟರಂತೆ. ಮರದಿಂದ ನೆತ್ತರು ಚಿಮ್ಮಿತಂತೆ. ಅದೇ ಮರದ ಎಲೆಯನ್ನು ಗಾಯಕ್ಕೆ ಕಟ್ಟಿರೆಂದು ದನಿಯೊಂದು ಹೇಳಿತಂತೆ. ಕಟ್ಟಿದರು, ಗಾಯ ಮಾಯಿತು. ತನಗೆ ತಾನೇ ಮದ್ದು ಹೇಳಿಕೊಂಡ ಆ ಶಿವನು ವೈದ್ಯೇಶ್ವರನಾದನು. ಅದ್ಭುತದಲ್ಲಿ ಇದು ನಂಜನಗೂಡಿನ ಕಥೆಗೆ ಕಡಿಮೆಯಲ್ಲ. ಆದರೂ ಇಲ್ಲಿ ಗಾಯಕ್ಕೆ ಕಾರಣವುಂಟು, ಗಾಯ ಮಾಡಿದವರುಂಟು, ಮದ್ದುಂಟು. ಎಲ್ಲಕ್ಕಿಂತ ಮಿಗಿಲಾಗಿ, ಕಡಿದ ಕೈಯೇ ಕಟ್ಟುವ ಕೈಯೂ ಆಗಬೇಕೆಂಬ ಹೊಣೆಯುಂಟು. ಹಿಂಸೆಯನ್ನು ಕುರಿತು ಚಿಂತಿಸುವ ಶ್ರಾವಕನಿಗೆ ತಲಕಾಡಿನ ಕಥೆ ಹೆಚ್ಚು ರುಚಿಸಿದರೆ ಆಶ್ಚರ್ಯವಿಲ್ಲ.

ಇಂತಹ ಕಥೆಗಳನ್ನು ಕೇಳಿ ‘ದೇವಮೂಢತೆ’ಯೆಂದು ನಗುವ ಅಭ್ಯಾಸ ನಮ್ಮ ಮನೆಗಳಲ್ಲಿ ಇಲ್ಲದಿಲ್ಲ. ನಗುವ ಮುನ್ನ ನಮ್ಮ ಕಥೆಗಳ ಕಡೆಗೂ ಕಣ್ಣು ಹಾಯಿಸುವುದೊಳಿತು. ಆಕಾಶಗಮನದ ಕಾಲದಲ್ಲಿ ಕಣ್ಣು ಕಳೆದುಕೊಂಡ ಪೂಜ್ಯಪಾದಾಚಾರ್ಯರು ಶಾಂತ್ಯಷ್ಟಕವನ್ನು ರಚಿಸಿ ದೃಷ್ಟಿಯನ್ನು ಮರಳಿ ಪಡೆದರೆಂಬ ಐತಿಹ್ಯವನ್ನು ಪಟ್ಟದಾನೆಯ ಕಥೆಯ ಪಕ್ಕದಲ್ಲಿಟ್ಟರೆ ಎರಡರ ಆಕಾರವೂ ಒಂದೇ. ಪೂಜ್ಯಪಾದರು ವೈದ್ಯವಿದ್ಯೆಗೆ ಹೆಸರಾದವರು. ‘ಕಲ್ಯಾಣಕಾರಕ’ದ ಉಗ್ರಾದಿತ್ಯನೂ, ವಿಷವೈದ್ಯವನ್ನು ಕನ್ನಡದಲ್ಲಿ ಬರೆದ ‘ಖಗೇಂದ್ರಮಣಿದರ್ಪಣ’ದ ಮಂಗರಾಜನೂ ಅವರನ್ನು ಗುರುಸ್ಥಾನದಲ್ಲಿಟ್ಟು ನೆನೆದಿದ್ದಾರೆ. ಅಂತಹ ವೈದ್ಯರ ಕಣ್ಣಿನ ಕಥೆಯಲ್ಲಿ ಒಂದು ತೊಟ್ಟು ಅಂಜನವೂ ಇಲ್ಲದಿರುವುದು ವಿಚಿತ್ರವೇ ಸರಿ.

ಆದರೆ ಗುಣವಾದದ್ದು ಹೇಗೆಂದು ಕೇಳಿದ ಕಥೆಯೂ ನಮ್ಮಲ್ಲಿ ಒಂದಿದೆ. ಅದನ್ನು ವಿಸ್ತಾರವಾಗಿ ಹೇಳಿದವನು ಇದೇ ನೆಲದವನು. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುದಾರಿಯಲ್ಲಿ ಕವಲಂದೆಗೆ ಸಮೀಪವಾದ ಮಲೆಯೂರಿನ ಕನಕಗಿರಿ, 1997ರವರೆಗೆ ಮೈಸೂರು ಜಿಲ್ಲೆಗೇ ಸೇರಿದ್ದ ಕ್ಷೇತ್ರ. ಅಲ್ಲಿಯ ದೇವಚಂದ್ರನು 19ನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆದ ‘ರಾಜಾವಳಿ ಕಥೆ’ಯಲ್ಲಿ ಸಮಂತಭದ್ರಾಚಾರ್ಯರ ಭಸ್ಮಕರೋಗದ ಪ್ರಸಂಗ ಬರುತ್ತದೆ.

ಎಷ್ಟುಂಡರೂ ಭಸ್ಮವಾಗುವ ಹಸಿವು. ಮುನಿಯ ಆಹಾರನಿಯಮದೊಳಗೆ ಅದಕ್ಕೆ ಶಮನವಿಲ್ಲ. ಸಮಂತಭದ್ರರು ಸಲ್ಲೇಖನಕ್ಕೆ ಅನುಮತಿ ಬೇಡುತ್ತಾರೆ. ಧರ್ಮಕ್ಕೆ ಅವರಿಂದ ಆಗಬೇಕಾದ ಕಾರ್ಯ ಬಹಳವಿದೆಯೆಂದು ಗುರು ನಿರಾಕರಿಸಿ, ಮುನಿವೇಷವನ್ನು ಬಿಟ್ಟು ರೋಗವನ್ನು ಕಳೆದುಕೊಂಡು ಬರುವಂತೆ ಆಜ್ಞಾಪಿಸುತ್ತಾರೆ. ಅವರು ಕಂಚಿಗೆ ಬಂದು, ದಿನವೂ 12 ಖಂಡುಗ ಅಕ್ಕಿಯ ಅನ್ನ ವಿನಿಯೋಗವಾಗುತ್ತಿದ್ದ ಭೀಮಲಿಂಗನ ಗುಡಿಯನ್ನು ಸೇರಿ, ಈ ನೈವೇದ್ಯವನ್ನು ದೇವರೇ ಉಣ್ಣುವಂತೆ ಮಾಡುವೆನೆಂದು ಶಿವಕೋಟಿ ಮಹಾರಾಜನಿಗೆ ಹೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಮೊದಲ ದಿನ ಒಂದಗುಳೂ ಮಿಗುವುದಿಲ್ಲ. ಬರಬರುತ್ತ ಅನ್ನ ಮಿಗತೊಡಗುತ್ತದೆ. ರೋಗಿ ಗುಣವಾಗುತ್ತಿದ್ದಾನೆ; ಅದರ ಗುರುತು ಎಲೆಯಲ್ಲಿ ಉಳಿದ ಅನ್ನ. ಅದನ್ನು ಕಂಡೇ ಅರಸನಿಗೆ ಸಂದೇಹ ಹುಟ್ಟುತ್ತದೆ: ನಿನ್ನೆ ಎಲ್ಲವನ್ನೂ ಉಂಡ ದೇವರಿಗೆ ಇಂದೇಕೆ ಬೇಡವಾಯಿತು? ಆತ ಬಾಗಿಲು ತೆರೆಸಲು ಮುಂದಾಗುತ್ತಾನೆ.

ಇಷ್ಟು ಜಾಣತನದಿಂದ ಹೆಣೆದ ಘಟನೆ ನಮ್ಮ ಕಥಾಸಾಹಿತ್ಯದಲ್ಲಿ ವಿರಳ. ಮಿಕ್ಕ ಕಥೆಗಳಲ್ಲಿ ರೋಗ ವಾಸಿಯಾದೊಡನೆ ಜಯಘೋಷ. ಇಲ್ಲಿ ವಾಸಿಯಾದದ್ದೇ ರೋಗಿಯನ್ನು ಹಿಡಿದುಕೊಡುತ್ತದೆ. ವಾಸಿಯಾದ ಕಾರಣವೂ ಮುಚ್ಚಿಟ್ಟದ್ದಲ್ಲ. ಭಸ್ಮಕವೆಂದರೆ ಅತ್ಯಗ್ನಿಯೆಂದೂ, ಜೀರ್ಣಕ್ಕೆ ಗುರುವಾದ, ಸ್ನಿಗ್ಧವಾದ, ಮಧುರವಾದ ಆಹಾರವೇ ಅದಕ್ಕೆ ಮದ್ದೆಂದೂ ಆಯುರ್ವೇದ ಹೇಳುತ್ತದೆ. ಗುಡಿಯ ನೈವೇದ್ಯಕ್ಕಿಂತ ಹೆಚ್ಚು ಗುರು, ಸ್ನಿಗ್ಧ, ಮಧುರವಾದುದು ಬೇರೇನಿದ್ದೀತು? ಸಮಂತಭದ್ರರು ಗುಣವಾದದ್ದು ಅನ್ನದಿಂದ. ಪವಾಡ ಬರುವುದು ಆಮೇಲೆ: ಲಿಂಗಕ್ಕೆ ನಮಿಸೆಂದು ಅರಸನು ಒತ್ತಾಯಿಸಿದಾಗ ಆಚಾರ್ಯರು ಸ್ವಯಂಭೂಸ್ತೋತ್ರವನ್ನು ನುಡಿದರೆಂದೂ, ಚಂದ್ರಪ್ರಭರ ಸ್ತುತಿಗೆ ಬಂದಾಗ ಜಿನಬಿಂಬ ಪ್ರಕಟವಾಯಿತೆಂದೂ ಹೇಳುವ ಭಾಗ.

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ 1129ರ ಮಲ್ಲಿಷೇಣಪ್ರಶಸ್ತಿಯಲ್ಲಿ ಭಸ್ಮಕರೋಗದ ನಾಶವೂ ಚಂದ್ರಪ್ರಭರ ಪ್ರಾದುರ್ಭಾವವೂ ಒಂದೇ ಉಸಿರಿನಲ್ಲಿ ಬರುತ್ತವೆ. ಉಂಡ ಅನ್ನವಾಗಲಿ, ಉಳಿದ ಅನ್ನವಾಗಲಿ ಇಲ್ಲ. ಪ್ರಶಸ್ತಿಶಾಸನಕ್ಕೆ ಅದು ಸಹಜ. ಆದರೆ ಪ್ರವಚನಗಳಲ್ಲಿ, ಬಸದಿಗಳ ಸ್ಮರಣಸಂಚಿಕೆಗಳಲ್ಲಿ ದೇವಚಂದ್ರನ ವಿವರವನ್ನು ಕೈಬಿಟ್ಟು ಪ್ರಶಸ್ತಿಯ ಅವಸರವನ್ನೇ ಅನುಸರಿಸುವುದು ನಷ್ಟ. ಹಾಗೆ ಮಾಡಿದಾಗ ಸ್ತೋತ್ರದಿಂದಲೇ ರೋಗ ಹೋಯಿತೆಂಬ ಭಾವನೆ ಕೇಳುವವರಲ್ಲಿ ನಿಂತುಬಿಡುತ್ತದೆ. ಜೊತೆಗೆ ಒಂದು ನೈತಿಕ ಇಕ್ಕಟ್ಟೂ ಮರೆಯಾಗುತ್ತದೆ. ದೇವರು ಉಣ್ಣುತ್ತಾನೆಂದದ್ದು ಅಸತ್ಯ. ಮಹಾವ್ರತವನ್ನು ಗುರುವಿನ ಅಪ್ಪಣೆಯಿಂದ ಬದಿಗಿಟ್ಟಿದ್ದರೆಂದು ಸಮಾಧಾನ ಹೇಳುವವರುಂಟು. ಸತ್ಯವು ಗೃಹಸ್ಥನಿಗೂ ಅಣುವ್ರತವೆಂದು ‘ರತ್ನಕರಂಡಕ’ದಲ್ಲಿ ಬೋಧಿಸಿದವರೂ ಅವರೇ ಅಲ್ಲವೆ? ಆ ಗಳಿಗೆಯಲ್ಲಿ ಸತ್ಯದ ಪಕ್ಷದಲ್ಲಿದ್ದವನು ಪ್ರಶ್ನಿಸಿದ ಅರಸ. ಆಚಾರ್ಯರ ಹಿರಿಮೆಗೆ ಇದರಿಂದ ಕುಂದಿಲ್ಲ. ಗುಣವಾದ ಮೇಲೆ ಮತ್ತೆ ದೀಕ್ಷೆಯನ್ನು ಪಡೆದರೆಂದು ಕಥೆಯೇ ಹೇಳುತ್ತದೆ.

‘ಆಪ್ತಮೀಮಾಂಸೆ’ಯ ಆರಂಭದಲ್ಲೇ ಸಮಂತಭದ್ರರು, ದೇವತೆಗಳ ಆಗಮನ, ಆಕಾಶಗಮನ ಮೊದಲಾದ ವೈಭವಗಳು ಮಾಯಾವಿಗಳಲ್ಲೂ ಕಂಡುಬರುವುದರಿಂದ ಅವುಗಳಿಂದ ಜಿನನ ಹಿರಿಮೆ ಸಿದ್ಧಿಸದೆಂದು ತೀರ್ಮಾನಿಸಿದ್ದಾರೆ. ವರದಾಸೆಯಿಂದ ರಾಗದ್ವೇಷಗಳುಳ್ಳ ದೇವತೆಗಳನ್ನು ಪೂಜಿಸುವುದನ್ನು ದೇವಮೂಢತೆಯೆಂದವರೂ ಅವರೇ. ಅಂತಹವರ ಚರಿತ್ರೆಯನ್ನು ಪವಾಡವೊಂದರ ಮೇಲೆ ನಿಲ್ಲಿಸುವುದು ಅವರ ಮಾತನ್ನೇ ಮರೆತಂತೆ.

ಇದು ಪಂಡಿತರ ಚರ್ಚೆಗಷ್ಟೇ ಸಂಬಂಧಿಸಿದ್ದಲ್ಲ. ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದಾಗ ಭಕ್ತಾಮರದ ಪಾರಾಯಣ ನಡೆಯುತ್ತದೆ. ಮನಸ್ಸಿಗೆ ಶಾಂತಿ ತರುವ ಆ ಪಾರಾಯಣ ನಡೆಯಬೇಕಾದದ್ದೇ. ಎದ್ದು ಓಡಾಡತೊಡಗಿದ ಮೇಲೆ ಮಾತ್ರ ಶಸ್ತ್ರಚಿಕಿತ್ಸೆಯ ಸುದ್ದಿ ಕಥೆಯಿಂದ ಮೆಲ್ಲನೆ ಜಾರಿಹೋಗುತ್ತದೆ. ಅದೇ ಪಾರಾಯಣ ನಡೆದ ಪಕ್ಕದ ಮನೆಯಲ್ಲಿ ಎಳೆಯ ಮಗುವೊಂದು ಉಳಿಯದೆ ಹೋಗಿದ್ದರೆ, ಈ ಕಥೆ ಆ ತಾಯಿಯ ಕಿವಿಗೆ ಏನೆಂದು ಬೀಳುತ್ತದೆ? ತನ್ನ ಭಕ್ತಿ ಸಾಲದಾಯಿತೆಂದಲ್ಲವೆ? ಗುಣವಾದವರ ಕಥೆಗಳನ್ನು ಕಟ್ಟುವವರು ಗುಣವಾಗದವರನ್ನು ನೆನೆಯುವುದು ಅಪರೂಪ. ಅಸಾತಾವೇದನೀಯ ಕರ್ಮದ ಉದಯವನ್ನು ಒಪ್ಪುವ ಮತದಲ್ಲಿ ಆ ತಾಯಿಗೆ ಹೀಗೆ ನೋವಾಗಬೇಕಾದ ಕಾರಣವೇ ಇಲ್ಲ.

ಸ್ವಯಂಭೂಸ್ತೋತ್ರದಲ್ಲೂ ವೈದ್ಯನೊಬ್ಬನಿದ್ದಾನೆ. ಸಂಭವನಾಥರನ್ನು ಸ್ತುತಿಸುತ್ತ ಆಚಾರ್ಯರು ಅವರನ್ನು, ದಿಕ್ಕಿಲ್ಲದ ರೋಗಿಯ ಬಳಿಗೆ ಏನನ್ನೂ ಬಯಸದೆ ಬರುವ ವೈದ್ಯನಿಗೆ ಹೋಲಿಸುತ್ತಾರೆ. ಪಚ್ಚೆಯನ್ನು ಅರ್ಪಿಸಿದ ಅರಸನ ಹಕೀಮನಿಗೂ ಈ ವೈದ್ಯನಿಗೂ ಅಂತರ ದೊಡ್ಡದು. ಅಲ್ಲಿ ಹೆಸರಿಸಿದ ರೋಗ ಭಸ್ಮಕವಲ್ಲ, ಸಂಸಾರದ ತೃಷ್ಣೆ. ತನ್ನ ಹೊಟ್ಟೆಯ ಬೇನೆಯ ಪ್ರಸ್ತಾಪವನ್ನು ಕವಿ ಅಲ್ಲಿ ತರುವುದಿಲ್ಲ.

ಶಿವಕೋಟಿಯು ಮುಂದೆ ರಾಜ್ಯವನ್ನು ತೊರೆದು ದೀಕ್ಷೆ ಪಡೆದನೆಂದು ಕಥೆ ಹೇಳುತ್ತದೆ. ಬಿಂಬದರ್ಶನವೇ ಅದಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ಆತ ಗುಡಿಯ ಬಾಗಿಲಿಗೆ ಬಂದು ನಿಂತದ್ದಾದರೋ ಅದಕ್ಕೂ ಮೊದಲು, ಮಿಕ್ಕ ಅನ್ನವನ್ನು ಕಂಡು.