ಅಗ್ಗದ ಅಂಗಡಿಯೂ ಉದ್ರಿ ಪುಸ್ತಕವೂ

‘ಅಗ್ಗ’ ಎಂಬ ಎರಡಕ್ಷರಕ್ಕೆ ಸೋಲದ ಗೃಹಿಣಿ ಅಪರೂಪ. ತಿಂಗಳ ಕೊನೆಯ ವಾರವನ್ನು ದಾಟಿಸಬೇಕಾದವಳು ಅವಳೇ ತಾನೇ? ಎಣ್ಣೆಯಲ್ಲಿ ಹತ್ತು ರೂಪಾಯಿ, ಬೇಳೆಯಲ್ಲಿ ಎಂಟು ರೂಪಾಯಿ ಉಳಿದರೆ ಅದು ಮಗಳ ನೋಟ್ ಪುಸ್ತಕಕ್ಕಾಯಿತು. ಆದ್ದರಿಂದ ದೊಡ್ಡ ಕಂಪನಿಗಳ ರಿಯಾಯಿತಿ ಮಳಿಗೆಗೆ ಹೋಗುವ ಹೆಂಗಸರನ್ನು ಆಸೆಬುರುಕರೆಂದು ಹಳಿಯುವವರ ಜೊತೆ ನಾನಿಲ್ಲ. ಹಾಗೆ ಹಳಿಯುವ ಗಂಡಸರು ಬಹುಮಟ್ಟಿಗೆ ಚೀಲ ಹಿಡಿದು ಅಂಗಡಿಗೆ ಹೋದವರೇ ಅಲ್ಲ. ಆದರೆ ಅಗ್ಗದ ಮಳಿಗೆಯಿಂದ ಎಲ್ಲರಿಗೂ ಲಾಭ ಎನ್ನುವ ಮಾತಿದೆಯಲ್ಲ, ಅದನ್ನು ಮಾತ್ರ ಪರೀಕ್ಷಿಸದೆ ಒಪ್ಪಲಾರೆ.

ಶಿಕಾರಿಪುರ, ಸೊರಬಗಳಂಥ ತಾಲೂಕು ಊರುಗಳಿಗೆ ಈ ಬದಲಾವಣೆ ಎರಡು ದಾರಿಯಿಂದ ಬಂದಿದೆ. ಒಂದು ಶಿವಮೊಗ್ಗದ ರಸ್ತೆ, ಇನ್ನೊಂದು ಕೈಯಲ್ಲಿರುವ ಮೊಬೈಲ್. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಐವತ್ತು ಕಿಲೋಮೀಟರಿಗೂ ಮೇಲು. ಸೊರಬದಿಂದ ಇನ್ನೂ ದೂರ. ಹಿಂದೆ ಬಸ್ಸಿನ ಟಿಕೆಟ್ಟೇ ನಮ್ಮೂರ ಅಂಗಡಿಗಳಿಗೆ ಬೇಲಿಯಾಗಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ, ಸರ್ಕಾರಿ ಬಸ್ಸು ಸಿಕ್ಕ ದಿನ ಹೆಂಗಸರಿಗೆ ಆ ಬೇಲಿಯೂ ಇಲ್ಲ. ಆಸ್ಪತ್ರೆಗೆಂದೋ ಮಗನ ಕಾಲೇಜಿಗೆಂದೋ ಹೋದವರು ಬರುವಾಗ ತಿಂಗಳ ಸಾಮಾನನ್ನೇ ಹೊತ್ತು ತರುತ್ತಾರೆ. ಹೋಗಲಾಗದವರ ಮನೆಬಾಗಿಲಿಗೆ ಫ್ಲಿಪ್‌ಕಾರ್ಟ್, ಅಮೆಜಾನ್, ಮೀಶೋಗಳ ಪೊಟ್ಟಣ ಹೊತ್ತ ಹುಡುಗರು ಬರುತ್ತಾರೆ. ಬಟ್ಟೆ, ಪಾತ್ರೆ, ಚಪ್ಪಲಿ ಅಂಗಡಿಗಳಿಗೆ ಮೊದಲು ಪೆಟ್ಟು ಬಿತ್ತು. ಈಗ ಕಿರಾಣಿಯ ಸರದಿ.

ದೊಡ್ಡ ಮಳಿಗೆಯ ಒಳ್ಳೆಯ ಗುಣವನ್ನು ಮೊದಲು ಹೇಳಿಬಿಡುತ್ತೇನೆ. ಅಲ್ಲಿ ಹೆಂಗಸು ತನಗೆ ಬೇಕಾದ್ದನ್ನು ತಾನೇ ಮುಟ್ಟಿ, ತಿರುಗಿಸಿ, ಬೆಲೆ ಓದಿ, ಬೇಡವಾದರೆ ಅಲ್ಲೇ ಇಟ್ಟು ಬರಬಹುದು. ನಮ್ಮ ಅಂಗಡಿಗಳಲ್ಲಿ ಹಾಗಿರಲಿಲ್ಲ. ಕೇರಿಯಿಂದ ಬಂದ ದಲಿತ ಹೆಂಗಸರನ್ನು ಕಟ್ಟೆಯ ಕೆಳಗೇ ನಿಲ್ಲಿಸಿ ಸಾಮಾನನ್ನು ಮೇಲಿನಿಂದ ಚೀಲಕ್ಕೆ ಹಾಕುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಇವತ್ತಿಗೂ ಪ್ರೌಢಶಾಲೆಯ ಹುಡುಗಿ ಪ್ಯಾಡ್ ಕೇಳಬೇಕಾದರೆ ಅಂಗಡಿಯಲ್ಲಿ ಗಂಡಸರು ಖಾಲಿಯಾಗುವವರೆಗೆ ಕಾಯುತ್ತಾಳೆ. ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕರಿ ಕವರಿಗೆ ಹಾಕಿ ಕೊಡುತ್ತಾರೆ, ಕದ್ದ ಮಾಲಿನಂತೆ! ತೂಕದಲ್ಲಿ ಕೈಚಳಕ, ಹಳೆಯ ಬೇಳೆಗೆ ಹೊಸ ಬೆಲೆ, ಇವೆಲ್ಲ ನಾವು ಬಲ್ಲ ಸಂಗತಿಗಳೇ. ಹಳೆಯದೆಲ್ಲ ಚಿನ್ನ ಎನ್ನುವ ಹಳಹಳಿಕೆ ನನ್ನದಲ್ಲ.

ಆದರೆ ಅಗ್ಗವೇನೂ ಆಕಾಶದಿಂದ ಉದುರುವುದಿಲ್ಲ. 2002ರಲ್ಲಿ ಮುಂಬಯಿಯ ಪೊವೈಯಲ್ಲಿ ಮೊದಲ ಮಳಿಗೆ ತೆರೆದ ಡಿಮಾರ್ಟ್‌ನಂಥ ಕಂಪನಿ ಲಾರಿಗಟ್ಟಲೆ ಮಾಲು ಕೊಳ್ಳುತ್ತದೆ, ತಯಾರಕರಿಗೆ ಬೇಗ ಹಣ ಕೊಡುತ್ತದೆ, ಆ ಬಲದಿಂದ ಬೆಲೆ ಇಳಿಸಿಕೊಳ್ಳುತ್ತದೆ. ನಮ್ಮ ಬೀದಿಯ ಅಂಗಡಿಯವರು ಕೊಳ್ಳುವುದು ಹತ್ತು ಹದಿನೈದು ಡಬ್ಬ. ಏಜೆನ್ಸಿಯವರು ಅವರಿಗೆ ಹಾಕುವ ದರವೇ ಕೆಲವೊಮ್ಮೆ ದೊಡ್ಡ ಮಳಿಗೆ ಗಿರಾಕಿಗೆ ಮಾರುವ ಬೆಲೆಗಿಂತ ಹೆಚ್ಚು! ಇದರಲ್ಲಿ ಅಂಗಡಿಯವರ ದುರಾಸೆ ಎಲ್ಲಿ ಬಂತು? ಇನ್ನು, ಈ ಅಗ್ಗಕ್ಕೆ ಒಂದು ಷರತ್ತಿದೆ. ಒಂದೇ ಸಲಕ್ಕೆ ಐದು ಕೆಜಿ, ಹತ್ತು ಕೆಜಿ ಕೊಳ್ಳಬೇಕು. ಅದಕ್ಕೆ ಕೈಯಲ್ಲಿ ನಗದು ಇರಬೇಕು. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ, ಕೂಲಿಗೆ ಹೋಗುವಾಕೆ, ಇದನ್ನು ಒಂದೇ ಮಾತಿನಲ್ಲಿ ಹೇಳಿದಳು: “ಅಕ್ಕೋರೆ, ಅಲ್ಲಿ ನೂರು ರೂಪಾಯಿ ಉಳೀತದಂತ. ಆ ನೂರು ಉಳಿಸಾಕ ಮೊದ್ಲು ಎರಡು ಸಾವಿರ ಕೈಯಾಗ ಇರಬೇಕಲ್ರೀ!”

ಸೊರಬ ತಾಲೂಕಿನಲ್ಲಿ ಉದ್ರಿ ಎಂಬ ಹಳೆಯ ಊರಿದೆ. ಶಾಸನಗಳಲ್ಲಿ ಅದು ಉದ್ಧರೆ. ಆ ಹೆಸರಿಗೂ ಅಂಗಡಿಯ ಉದ್ರಿಗೂ ಸಂಬಂಧವಿಲ್ಲದಿದ್ದರೂ, ಈ ಸೀಮೆ ನಡೆಯುವುದೇ ಉದ್ರಿಯ ಮೇಲೆ ಎಂದು ನಾವು ಶಿಕ್ಷಕಿಯರು ನಗೆಯಾಡುವುದುಂಟು. ನಗೆಯಲ್ಲಿ ನಿಜವೂ ಇದೆ. ಇಲ್ಲಿ ಭತ್ತ, ಮೆಕ್ಕೆಜೋಳ, ಶುಂಠಿ, ಅಡಿಕೆ ಬೆಳೆಯುತ್ತಾರೆ. ಬಿತ್ತನೆಯ ದಿನಗಳಲ್ಲಿ ಇದ್ದ ದುಡ್ಡೆಲ್ಲ ಬೀಜ, ಗೊಬ್ಬರಕ್ಕೆ ಹೋಗುತ್ತದೆ. ಮರಳಿ ದುಡ್ಡು ಕಾಣುವುದು ಸುಗ್ಗಿಗೆ. ನಡುವಿನ ಮಳೆಗಾಲದಲ್ಲಿ ರೇಷನ್ ಅಕ್ಕಿಯೇನೋ ಬರುತ್ತದೆ. ಎಣ್ಣೆ, ಬೇಳೆ, ಸೋಪು, ಚಹಾಪುಡಿ ಎಲ್ಲಿಂದ ಬರಬೇಕು? ಅಂಗಡಿಯ ಉದ್ದನೆಯ ಪುಸ್ತಕದಲ್ಲಿ ಹೆಸರು ಬರೆಸಿಯೇ. ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕ ಗೋಡೆಯ ಮೇಲೆ ತೂಗುತ್ತಿರುತ್ತದೆ. ಅದರ ಕೆಳಗೇ ಉದ್ರಿ ಬರೆಯುವ ಕೆಲಸವೂ ನಡೆದಿರುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಬಡವರ ಉದ್ರಿಯನ್ನು ಹೊತ್ತಿರುವುದು ಅಂಗಡಿಯವರ ತಿಜೋರಿಯಲ್ಲ. ನಗದು ಕೊಡುವ ಸಂಬಳದವರ ಹಣ. ತರಗತಿಯ ಕಪ್ಪುಹಲಗೆಯ ಲೆಕ್ಕದಂತೆ ನೋಡೋಣ. ಒಂದು ಅಂಗಡಿಗೆ ನೂರು ಮನೆಗಳ ವ್ಯಾಪಾರವೆಂದು ಇಟ್ಟುಕೊಳ್ಳಿ. ಶಿಕ್ಷಕರು, ಬ್ಯಾಂಕಿನವರು, ಪಿಂಚಣಿದಾರರು ಸೇರಿ ಅರವತ್ತು ಮನೆ ನಗದಿನವು, ನಲವತ್ತು ಉದ್ರಿಯವು. ವಾರಕ್ಕೊಮ್ಮೆ ಬರುವ ಏಜೆನ್ಸಿಯ ಹುಡುಗ ಉದ್ರಿ ಪುಸ್ತಕ ನೋಡಿ ಮಾಲು ಹಾಕುವುದಿಲ್ಲ, ಹಣ ಎಣಿಸಿಕೊಂಡು ಹಾಕುತ್ತಾನೆ. ಅರವತ್ತು ಮನೆಗಳ ನಗದಿನಿಂದ ಅವನಿಗೆ ಕೊಟ್ಟು, ನಲವತ್ತು ಮನೆಗಳಿಗೆ ಸುಗ್ಗಿಯವರೆಗೆ ಕಾಯುವುದು ಅಂಗಡಿಯ ಗುಟ್ಟು. ಅರವತ್ತರಲ್ಲಿ ನಲವತ್ತು ಮನೆ ಶಿವಮೊಗ್ಗಕ್ಕೋ ಮೊಬೈಲಿಗೋ ಹೋದರೆ ಮೊದಲು ನಿಲ್ಲುವುದು ಯಾವುದು? ಅಂಗಡಿಯಲ್ಲ, ಉದ್ರಿ. ಅಂಗಡಿ ಮುಚ್ಚುವುದು ಆಮೇಲಿನ ಮಾತು. ಉಳಿತಾಯ ಒಂದು ಮನೆಗೆ, ಅದರ ಬೆಲೆ ಇನ್ನೊಂದು ಮನೆಗೆ. ಆ ಎರಡು ಮನೆಯ ಹೆಂಗಸರು ಒಂದೇ ಬೀದಿಯಲ್ಲಿದ್ದರೂ ಇದು ಇಬ್ಬರಿಗೂ ಕಾಣುವುದಿಲ್ಲ.

ದೊಡ್ಡ ಮಳಿಗೆ ನಮ್ಮೂರಿಗೇ ಬಂದಿಲ್ಲವಲ್ಲ, ಚಿಂತೆಯೇಕೆ ಎನ್ನುವವರಿದ್ದಾರೆ. ಅಮೆರಿಕದ ಅರ್ಕಾನ್ಸಾ ರಾಜ್ಯದ ರಾಜರ್ಸ್ ಎಂಬ ಸಣ್ಣ ಊರಿನಲ್ಲಿ 1962ರಲ್ಲಿ ಹುಟ್ಟಿದ ವಾಲ್‌ಮಾರ್ಟ್‌ನ ಕಥೆಯನ್ನು ಅವರು ಕೇಳಬೇಕು. ಅಯೋವಾ ರಾಜ್ಯದಲ್ಲಿ ಅದರ ಪರಿಣಾಮವನ್ನು 1980ರ ದಶಕದ ಕೊನೆಯಿಂದ ಅಭ್ಯಾಸ ಮಾಡಿದ ಅರ್ಥಶಾಸ್ತ್ರಜ್ಞ ಕೆನೆತ್ ಸ್ಟೋನ್ ಕಂಡದ್ದೇನು? ಮಳಿಗೆ ಬಂದ ಊರಿನ ಒಟ್ಟು ವ್ಯಾಪಾರ ಹೆಚ್ಚಿತು; ಸೊರಗಿದ್ದು ಮಳಿಗೆಯಿಲ್ಲದ ಸುತ್ತಲಿನ ಸಣ್ಣ ಊರುಗಳು. ಶಿವಮೊಗ್ಗದ ಸುತ್ತಲಿನ ಊರು ಎಂದರೆ ನಾವೇ ಅಲ್ಲವೇ? ಆ ವಾಲ್‌ಮಾರ್ಟ್ ಈಗ ದೂರದ್ದೂ ಅಲ್ಲ. 2018ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಮುಕ್ಕಾಲು ಪಾಲನ್ನು ಅದೇ ಕೊಂಡಿತು. ಬಂದವರು ಉಳಿಯುತ್ತಾರೆಂಬ ಭರವಸೆಯೂ ಇಲ್ಲ. ಉತ್ತರ ಕೆರೊಲಿನಾದ ಓರಿಯಂಟಲ್ ಎಂಬ ಪುಟ್ಟ ಊರಿನಲ್ಲಿ 2014ರಲ್ಲಿ ವಾಲ್‌ಮಾರ್ಟ್‌ನ ಸಣ್ಣ ಮಳಿಗೆ ತೆರೆಯಿತು. ನಾಲ್ಕು ದಶಕ ನಡೆದಿದ್ದ ಊರ ದಿನಸಿ ಅಂಗಡಿ ಮರುವರ್ಷ ಬಾಗಿಲು ಹಾಕಿತು. 2016ರ ಆರಂಭದಲ್ಲಿ ವಾಲ್‌ಮಾರ್ಟೂ ಹೊರಟುಹೋಯಿತು. ನಮ್ಮ ದೇಶದಲ್ಲಿಯೂ 1997ರಲ್ಲಿ ಚೆನ್ನೈಯಲ್ಲಿ ಆರಂಭವಾದ ಸುಭಿಕ್ಷಾ, ದೇಶದುದ್ದಕ್ಕೂ ಸುಮಾರು 1,600 ರಿಯಾಯಿತಿ ಅಂಗಡಿಗಳಾಗಿ ಬೆಳೆದು 2009ರಲ್ಲಿ ಮುಚ್ಚಿತು.

ಉದ್ರಿ ನಿಂತ ಮನೆಯವರು ಸುಮ್ಮನೆ ಕೂರಲಾರರು, ಒಲೆ ಉರಿಯಬೇಕಲ್ಲ. ಅವರು ಹೋಗುವುದು ವಾರದ ಕಂತಿನ ಸಾಲದವರ ಬಳಿಗೆ. ಆ ವಸೂಲಿಯ ಕಿರುಕುಳ ಎಷ್ಟಾಯಿತೆಂದರೆ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂಗಡಿಯವರೇನು ಧರ್ಮಕ್ಕೆ ಉದ್ರಿ ಕೊಡುವುದಿಲ್ಲ. ಬಡ್ಡಿ ಬೆಲೆಯೊಳಗೇ ಅಡಗಿ ಕೂತಿರುತ್ತದೆ. ಆದರೆ ಮಳೆ ಕೈಕೊಟ್ಟ ವರ್ಷ ಪುಸ್ತಕದ ಹಾಳೆ ಮುಂದಿನ ಸುಗ್ಗಿಗೆ ತಿರುಗುತ್ತದೆ. ವಾರದ ಕಂತು ಒಂದು ದಿನವೂ ಕಾಯುವುದಿಲ್ಲ.

ಹಾಗಾದರೆ ಅಗ್ಗವನ್ನು ಬಿಡಬೇಕೇ? ಅಷ್ಟು ದೊಡ್ಡ ತ್ಯಾಗವನ್ನು ಯಾರಿಗೂ ಹೇಳಲಾರೆ. ಸಂಬಳದ ಮನೆಯ ನಾವು ತಿಂಗಳ ಪಟ್ಟಿಯಲ್ಲಿ ಅರ್ಧವನ್ನಾದರೂ ಊರ ಅಂಗಡಿಯಲ್ಲಿ ನಗದು ಕೊಟ್ಟು ಕೊಂಡರೆ ಸಾಕು. ಅಂಗಡಿಯವರೂ ಬದಲಾಗಲಿ: ತಕ್ಕಡಿ ಗಿರಾಕಿಯ ಕಣ್ಣೆದುರಿಗಿರಲಿ, ಬೆಲೆಯ ಚೀಟಿ ಅಂಟಿಸಲಿ, ಹೆಣ್ಣುಮಕ್ಕಳು ತಾವೇ ಆರಿಸಿಕೊಳ್ಳಲು ಒಂದು ಕಪಾಟು ತೆರೆದಿಡಲಿ. ಹತ್ತು ಅಂಗಡಿಯವರು ಕೂಡಿ ಲಾರಿ ಲೆಕ್ಕದಲ್ಲಿ ಮಾಲು ತರಿಸಿದರೆ ಅವರಿಗೂ ದರ ಇಳಿಯುತ್ತದೆ. 2000-01ರಿಂದ ನಡೆದುಬಂದ ಸ್ತ್ರೀಶಕ್ತಿ ಸಂಘಗಳು ಬೇಳೆ, ಎಣ್ಣೆಯನ್ನು ಸಗಟಾಗಿ ತಂದು ಹಂಚಿಕೊಂಡರೆ, ಕೈಯಲ್ಲಿ ಎರಡು ಸಾವಿರ ಇಲ್ಲದವಳಿಗೂ ಆ ನೂರು ರೂಪಾಯಿ ಉಳಿಯುತ್ತದೆ. ಬಿಲ್ಲಿನ ಕೊನೆಯಲ್ಲಿ ‘ನೀವು ಇಷ್ಟು ಉಳಿಸಿದಿರಿ’ ಎಂದು ಅಚ್ಚಾಗಿರುತ್ತದೆ. ಯಾರ ಮನೆಯ ಉದ್ರಿ ನಿಂತಿತೆಂದು ಯಾವ ಬಿಲ್ಲೂ ಹೇಳುವುದಿಲ್ಲ. ಆ ಲೆಕ್ಕವನ್ನು ನಾವೇ ಇಟ್ಟುಕೊಳ್ಳಬೇಕು.