ಹಾಡು ಯಾರದು?

ದೊಡ್ಡಬಳ್ಳಾಪುರದಲ್ಲಿ ನೆಮ್ಮದಿಯಾಗಿ ಮಾತನಾಡಬೇಕಾದರೆ ವಿದ್ಯುತ್ತು ಹೋಗಬೇಕು. ಅದಿರುವಷ್ಟು ಹೊತ್ತು ಬೀದಿ ಬೀದಿಯಲ್ಲೂ ಮಗ್ಗಗಳೇ ಮಾತನಾಡುತ್ತವೆ. ಮನುಷ್ಯರು ಕೈಸನ್ನೆಯಲ್ಲಿ ತೃಪ್ತರಾಗಬೇಕು. ಹೋದ ಭಾನುವಾರ ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಸರಿಯಾಗಿ ವಿದ್ಯುತ್ತು ಹೋಯಿತು. ಮಗ್ಗದ ಮನೆಯ ಮಿತ್ರರಿಗೆ ನಷ್ಟ, ನಮಗೆ ಲಾಭ. ಜಗುಲಿಯ ಮೇಲೆ ನಾಲ್ಕೈದು ಮಂದಿ ಸೇರಿದೆವು: ಮನೆಯ ಯಜಮಾನರು, ದೇವನಹಳ್ಳಿಯ ನಿವೃತ್ತ ಮೇಷ್ಟ್ರು, ಸಂಗೀತ ಬಲ್ಲ ಅವರ ಪತ್ನಿ, ಗಿಟಾರು ಹೆಗಲಿಗೇರಿಸಿಕೊಂಡು ಬೆಂಗಳೂರಿನಿಂದ ಬಂದಿದ್ದ ನನ್ನ ಸೋದರಳಿಯ, ಜೊತೆಗೆ ನಾನು.

ಕನ್ನಡದ ಹಾಡುಗಾರರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳಬಹುದು ಎಂದರೆ ಯಾರನ್ನು ಉಳಿಸಿಕೊಳ್ಳುತ್ತೀರಿ ಎಂದು ಯಾರೋ ಕೇಳಿದರು. ಇಂಥ ಪ್ರಶ್ನೆಗಳು ಹುಟ್ಟುವುದೇ ಜಗಳಕ್ಕೆ.

ಮೇಷ್ಟ್ರದು ಕಾಳಿಂಗರಾಯರ ಪಕ್ಷ. 1914ರಲ್ಲಿ ಹುಟ್ಟಿ, ನಾಟಕ ಕಂಪನಿಯಲ್ಲಿ ಪಳಗಿ, ಸೋಹನ್ ಕುಮಾರಿ, ಮೋಹನ್ ಕುಮಾರಿಯರ ಜೊತೆಗೂಡಿ ಊರೂರಿಗೆ ಕನ್ನಡ ಕವನಗಳನ್ನು ಹೊತ್ತುಕೊಂಡು ಹೋದ ಮಹಾನುಭಾವರು ಅವರು. ಅವರು ಹಾಡಿದರೆ ಶಬ್ದ ಮೊದಲು ಬರುತ್ತದೆ, ಸ್ವರ ಅದರ ಹಿಂದೆ ವಿನಯದಿಂದ ನಡೆಯುತ್ತದೆ. ರಂಗದ ಮೇಲೆ ಕೊನೆಯ ಸಾಲಿನವನಿಗೂ ಮಾತು ಕೇಳಿಸಬೇಕೆಂಬ ಅಭ್ಯಾಸ ಗಾಯನಕ್ಕೆ ಬಂದರೆ ಏನಾಗುತ್ತದೆಂಬುದಕ್ಕೆ ಅವರೇ ಉದಾಹರಣೆ. ಮೈಸೂರು ಅನಂತಸ್ವಾಮಿಯವರಲ್ಲಿ (1936–1995) ಈ ರಂಗದ ಗತ್ತಿಲ್ಲ. ಅದಕ್ಕೆ ಬದಲಾಗಿ ಪಕ್ಕದಲ್ಲಿ ಕುಳಿತು ಹೇಳುವ ಆಪ್ತತೆಯಿದೆ. ನನ್ನ ಓಟು ಅವರಿಗೇ. ಯಜಮಾನರು ಮಾತ್ರ ಅಶ್ವತ್ಥರನ್ನು ಬಿಟ್ಟು ಕದಲಲೊಲ್ಲರು. ‘ಮಗ್ಗದ ಸದ್ದನ್ನು ಮೀರಿ ನನಗೆ ಕೇಳಿಸಿದ ಗಂಟಲು ಅದೊಂದೇ ಸ್ವಾಮಿ’ ಎಂದರು. ಈ ಪ್ರಮಾಣಕ್ಕೆ ಎದುರು ವಾದವಿಲ್ಲ. ಆದರೂ ಹೇಳುತ್ತೇನೆ: ಶಿಶುನಾಳ ಶರೀಫರ ಪದಗಳಿಗೆ ಹೇಳಿ ಮಾಡಿಸಿದಂತಿರುವ ಆ ಕಂಠ ‘ಮೈಸೂರ ಮಲ್ಲಿಗೆ’ಯ ನಡುಮನೆಗೆ ತುಸು ದೊಡ್ಡದು. ದಂಪತಿಗಳು ಪಿಸುಗುಟ್ಟುವಲ್ಲಿ ಅದು ಅಂಗಳಕ್ಕೆ ಕೇಳುವಂತೆ ನುಡಿಯುತ್ತದೆ. ಅಶ್ವತ್ಥರ ಅಭಿಮಾನಿಗಳು ಕ್ಷಮಿಸಬೇಕು.

ನಾಡಗೀತೆಯ ಮಾತು ಬಂದದ್ದು ಇಲ್ಲಿಯೇ. ಕುವೆಂಪು ಅವರ ಗೀತೆಗೆ ಅನಂತಸ್ವಾಮಿಯವರ ಧಾಟಿಯೋ ಅಶ್ವತ್ಥರ ಧಾಟಿಯೋ ಎಂಬ ವಿವಾದಕ್ಕೆ ಸರ್ಕಾರ 2022ರಲ್ಲಿ ತೆರೆ ಎಳೆಯಿತು: ಅನಂತಸ್ವಾಮಿಯವರದೇ ಧಾಟಿ, ಎರಡೂವರೆ ನಿಮಿಷ. ಅದು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಗೀತೆಯೊಂದರ ಧಾಟಿಗಾಗಿ ನ್ಯಾಯಾಲಯಕ್ಕೆ ಹೋಗುವ ಜನ ರಸಿಕರಲ್ಲವೆಂದು ಯಾರು ಹೇಳಿಯಾರು? ಸರ್ಕಾರಕ್ಕೆ ವಾದ ಮುಗಿದಿರಬಹುದು, ನಮ್ಮ ಜಗುಲಿಯಲ್ಲಿ ಮುಗಿಯಲಿಲ್ಲ.

‘ನೀವು ಹೆಂಗಸರ ಹೆಸರು ಒಂದನ್ನೂ ಎತ್ತಲಿಲ್ಲವಲ್ಲ’ ಎಂದು ಮೇಷ್ಟ್ರ ಪತ್ನಿ ಬಿ.ಕೆ. ಸುಮಿತ್ರಾ ಅವರನ್ನೂ ರತ್ನಮಾಲಾ ಪ್ರಕಾಶ್ ಅವರನ್ನೂ ನೆನಪಿಸಿದಾಗ ನಾವೆಲ್ಲ ಒಂದು ಕ್ಷಣ ಎಲೆಯಡಿಕೆಯ ತಟ್ಟೆಯನ್ನು ನೋಡಿಕೊಂಡೆವು.

ಅಷ್ಟು ಹೊತ್ತು ಸುಮ್ಮನಿದ್ದ ಸೋದರಳಿಯ ಬಾಯಿಬಿಟ್ಟ. ‘ಮಾವ, ನೀವು ಹೇಳಿದವರೆಲ್ಲ ಬೇರೆಯವರ ಪದ್ಯ ಹಾಡಿದವರು. ತಾವೇ ಬರೆದು, ತಾವೇ ಧಾಟಿ ಹಾಕಿ, ತಾವೇ ಹಾಡಿದವರು ಯಾರಿದ್ದಾರೆ? ನನಗೆ ರಘು ದೀಕ್ಷಿತ್ ಸಾಕು.’

‘ಅಂಥವರಿಗೆ ನಮ್ಮಲ್ಲಿ ವಾಗ್ಗೇಯಕಾರ ಅಂತ ಹೆಸರೇ ಇದೆ ಕಣಪ್ಪ’ ಎಂದರು ಮೇಷ್ಟ್ರು. ‘ಪುರಂದರದಾಸರಿಂದ ಎಣಿಸು. ನಿಮ್ಮ ದೀಕ್ಷಿತರು ಗಿಟಾರಿನ ಮೇಲೆ ಹಾಡುವ ಶರೀಫರು ಯಾರು? 1889ರಲ್ಲಿ ತೀರಿಕೊಂಡವರು, ಏಕತಾರಿ ಬಿಟ್ಟರೆ ಬೇರೆ ವಾದ್ಯ ಬೇಡದವರು.’

ಇಬ್ಬರ ಮಾತಿನಲ್ಲೂ ಹುರುಳಿತ್ತು. ಶರೀಫರ ಪದಕ್ಕೆ ಏಕತಾರಿ ಕೊಡಿ, ಅಶ್ವತ್ಥರ ವಾದ್ಯಮೇಳ ಕೊಡಿ, ಗಿಟಾರು ಕೊಡಿ, ಅದು ಜಗ್ಗುವುದಿಲ್ಲ. ಹಾಡುತ್ತಲೇ ಹುಟ್ಟಿದ ಮಾತಿಗೆ ಆ ಗಟ್ಟಿತನವಿದೆ. ಆದರೆ ಭಾವಗೀತೆಯ ಕಥೆ ಬೇರೆ. ಅದು ಅಚ್ಚಿನ ಕಾಲದ ಕೂಸು. ಕವಿ ಪುಟಕ್ಕಾಗಿ ಬರೆದ. ಗಾಯಕ ಅದನ್ನು ಎರವಲು ತಂದು ಹಾಡಿದ. ರೇಡಿಯೋ ಹಬ್ಬಿಸಿತು, ಕ್ಯಾಸೆಟ್ಟು ಮನೆಮನೆಗೆ ಮುಟ್ಟಿಸಿತು. ಎರವಲು ತಂದವನು ಒಡವೆಯನ್ನು ಹೇಗೆ ತೊಟ್ಟ ಎಂಬುದೇ ಇಲ್ಲಿ ವಿಮರ್ಶೆಯ ಪ್ರಶ್ನೆ.

ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ಕೆ.ಎಸ್. ನಿಸಾರ್ ಅಹಮದ್ ಹುಟ್ಟಿದ್ದು ದೇವನಹಳ್ಳಿಯಲ್ಲಿ, 1936ರಲ್ಲಿ. ಓದಿದ್ದು ಕಲಿಸಿದ್ದು ಭೂವಿಜ್ಞಾನ, ಬದುಕಿದ್ದು ಕವಿತೆಗಾಗಿ; 2020ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಅವರ ಕವನಗಳಿಗೆ ಅನಂತಸ್ವಾಮಿಯವರು ರಾಗ ಸಂಯೋಜಿಸಿ 1978ರಲ್ಲಿ ಬಂದ ‘ನಿತ್ಯೋತ್ಸವ’ ಕ್ಯಾಸೆಟ್ಟಿನಿಂದಲೇ ಕನ್ನಡ ಭಾವಗೀತೆಯ ಕ್ಯಾಸೆಟ್ ಯುಗ ಮೊದಲಾಯಿತು. ಮೇಷ್ಟ್ರು ಸಂಕೋಚದಿಂದ ಒಂದು ಮಾತು ಹೇಳಿದರು: ದೇವನಹಳ್ಳಿಯಲ್ಲಿಯೇ ವರ್ಷ ವರ್ಷವೂ ನವೆಂಬರಿನಲ್ಲಿ ಮಕ್ಕಳಿಂದ ಆ ಹಾಡನ್ನು ಹಾಡಿಸುತ್ತಿದ್ದರಂತೆ, ಕವಿ ಇದೇ ಊರಿನಲ್ಲಿ ಹುಟ್ಟಿದವರೆಂದು ಒಂದು ದಿನವೂ ಹೇಳಲು ಹೊಳೆಯಲಿಲ್ಲವಂತೆ.

‘ಅದರಲ್ಲೇನು ಆಶ್ಚರ್ಯ?’ ಎಂದರು ಯಜಮಾನರು. ‘ಸೀರೆ ಉಟ್ಟೋರು ಅಂಗಡಿ ಹೆಸರು ಹೇಳ್ತಾರೆ. ನೇಯ್ದೋನ ಹೆಸರು ಯಾರು ಕೇಳಿದ್ದಾರೆ?’

ನನ್ನ ತಕರಾರು ಹೆಸರಿನದಷ್ಟೇ ಅಲ್ಲ. ಆ ಕವನದ ಮೊದಲ ಭಾಗದಲ್ಲಿ ಜೋಗವಿದೆ, ತುಂಗೆಯಿದೆ, ಸಹ್ಯಾದ್ರಿಯಿದೆ. ಎರಡನೆಯದರಲ್ಲಿ ಶಾಸನ, ಓಲೆಗರಿ, ದೇವಾಲಯದ ಗೋಡೆ. ಮೂರನೆಯದಕ್ಕೆ ಬರುವಾಗ ಕವಿ ನೋಟವನ್ನು ನಾಡಿನಿಂದ ಎತ್ತಿ ಜನರ ಮೇಲಿಡುತ್ತಾನೆ. ಕುಲಭೇದ ಎಣಿಸದ ದೊಡ್ಡತನದ ಮಾತಾಡುತ್ತಾನೆ. ಮುಸಲ್ಮಾನ ಮನೆತನದ ಕವಿಯೊಬ್ಬ ಗುಡಿಯ ಗೋಡೆಯನ್ನು ನನ್ನದೆಂದು ಹಾಡಿ, ಆ ಹಕ್ಕಿನಿಂದಲೇ ಈ ಮಾತಿಗೆ ಬರುತ್ತಾನೆ. ಕವನದ ಜೀವ ಅಲ್ಲಿದೆ. ಆದರೆ ಆ ಮೋಹಕ ಧಾಟಿ ಮೂರಕ್ಕೂ ಒಂದೇ. ಜೋಗದ ರಭಸಕ್ಕೆ ಸಿಕ್ಕ ಕೇಳುಗ ಮೂರನೆಯ ನುಡಿಯನ್ನೂ ಜಲಪಾತವೆಂದೇ ಕೇಳಿ ಚಪ್ಪಾಳೆ ತಟ್ಟುತ್ತಾನೆ. ಅನಂತಸ್ವಾಮಿಯವರ ಪಕ್ಷದವನಾಗಿಯೇ ನಾನು ಇದನ್ನು ಹೇಳಬೇಕಾಗಿದೆ. ಇದೇ ಕವಿ ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಎಂಬ ಕವನವನ್ನೂ ಬರೆದಿದ್ದಾರೆ. ಒಟ್ಟಿಗಿದ್ದೂ ಬೇರೆಯಾಗಿ ಉಳಿಯುವ ಸಂಕಟ ಅದರ ವಸ್ತು. ಅದನ್ನು ಯಾವ ರಾಜ್ಯೋತ್ಸವದಲ್ಲೂ ನಾನು ಕೇಳಿಲ್ಲ. ಉತ್ಸವವನ್ನು ಇಟ್ಟುಕೊಂಡು ಸಂಕಟವನ್ನು ಹಿಂದಕ್ಕೆ ಕೊಟ್ಟಿದ್ದೇವೆ.

ಈ ಆಪಾದನೆಯಿಂದ ನಾನೂ ಹೊರತಲ್ಲ. ಪುಸ್ತಕ ತೆರೆದು ‘ನಿತ್ಯೋತ್ಸವ’ವನ್ನು ಮೌನವಾಗಿ ಓದಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಎರಡನೆಯ ಸಾಲಿಗೆ ಧಾಟಿ ಬಂದು ಕೈ ಹಿಡಿದು ಎಳೆದುಕೊಂಡು ಹೋಗುತ್ತದೆ.

‘ಹಾಗಾದರೆ ಮೂರನೆಯದನ್ನು ಮಾತ್ರ ಹಾಡಲೇ?’ ಎಂದರು ಮೇಷ್ಟ್ರ ಪತ್ನಿ. ಸೋದರಳಿಯ ಗಿಟಾರಿಗೆ ಕೈ ಹಾಕಿದ. ಅವರು ಬೇಡವೆಂದು ತಲೆಯಾಡಿಸಿದರು. ಶ್ರುತಿಯಿಲ್ಲ, ತಾಳವಿಲ್ಲ. ಅದೇ ಧಾಟಿಯನ್ನು ಅರ್ಧಕ್ಕಿಂತ ನಿಧಾನವಾಗಿ, ಒಂದೊಂದು ಶಬ್ದವನ್ನೂ ಬಿಡಿಸಿಟ್ಟು ಹಾಡಿದರು. ಐವತ್ತು ವರ್ಷದ ಹತ್ತಿರದ ಹಾಡಿನಲ್ಲಿ ಆ ನುಡಿಯನ್ನು ನಾನು ಕೇಳಿದ್ದು ಅದೇ ಮೊದಲು.

‘ಧಾಟಿಯ ತಪ್ಪಲ್ಲ ಹಾಗಾದರೆ, ಹಾಡೋರ ಅವಸರ’ ಎಂದರು ಯಜಮಾನರು, ಅಶ್ವತ್ಥರ ಪಕ್ಷದಲ್ಲಿದ್ದುಕೊಂಡೇ ಅನಂತಸ್ವಾಮಿಯವರನ್ನು ಖುಲಾಸೆ ಮಾಡುತ್ತ. ನನ್ನ ವಾದದ ಅರ್ಧ ಬಿದ್ದುಹೋಯಿತು; ಮಿಕ್ಕರ್ಧವನ್ನು ಎತ್ತಿ ನಿಲ್ಲಿಸೋಣವೆಂದು ಬಾಯಿ ತೆರೆಯುವಷ್ಟರಲ್ಲಿ ವಿದ್ಯುತ್ತು ಬಂತು. ಒಳಗೆ ಮಗ್ಗಗಳು ಒಟ್ಟಿಗೆ ಎದ್ದವು. ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು, ಮುಂದಿನ ಭಾನುವಾರವೆಂದು ಕೈಸನ್ನೆ ಮಾಡಿ ಒಳಗೆ ನಡೆದರು.