ವಂಶಪಾರಂಪರ್ಯ: ಊರ ಪತ್ರಿಕೆಯ ಜಾಹೀರಾತು ಪುಟ ಓದುತ್ತ

ನಮ್ಮ ವಿಮರ್ಶಕರು ಕವಿತೆ ಓದುತ್ತಾರೆ, ಕಾದಂಬರಿ ಓದುತ್ತಾರೆ, ಓದಿದ್ದರ ಮೇಲೆ ವಿಚಾರ ಸಂಕಿರಣ ನಡೆಸುತ್ತಾರೆ. ನಡೆಸಲಿ. ನಾವು ಈ ಸಲ ಓದಲು ಕೂತದ್ದು ಒಣಮೀನು ಕಟ್ಟಿಕೊಟ್ಟ ಕಾಗದವನ್ನು. ತದಡಿಯ ಧಕ್ಕೆಯ ಹತ್ತಿರ ಚಾದಂಗಡಿಯ ಬೆಂಚಿನ ಮೇಲೆ, ಹೊಳೆಯಾಚೆಯ ಅಘನಾಶಿನಿ ಊರಿಗೆ ದಾಟುವ ದೋಣಿ ಕಾಯುತ್ತ ಕೂತಿದ್ದಾಗ ಕಣ್ಣಿಗೆ ಬಿದ್ದದ್ದು ಜಿಲ್ಲೆಯ ಒಂದು ಪತ್ರಿಕೆಯ ಜಾಹೀರಾತು ಪುಟ. ಹೊತ್ತು ಕಳೆಯಲು ಓದಿದೆವು. ಓದುತ್ತ ಓದುತ್ತ ಇದನ್ನು ಹಾಗೆ ಬಿಡುವಂತಿಲ್ಲ ಅನ್ನಿಸಿತು. ಆಮೇಲೆ ಪರಿಚಯದ ಮಾಸ್ತರರೊಬ್ಬರ ಮನೆಯ ಅಟ್ಟದಲ್ಲಿದ್ದ ರದ್ದಿಯನ್ನೂ ದೀಪಾವಳಿ ವಿಶೇಷಾಂಕಗಳನ್ನೂ ಇಳಿಸಿಕೊಂಡು ಕೂತೆವು.

ಏನಿರುತ್ತದೆ ಅಲ್ಲಿ? ಎಲ್ಲರಿಗೂ ಗೊತ್ತಿರುವುದೇ. ಬೋರ್‌ವೆಲ್ ಕೊರೆಯುವವರು, ಚೀರೆಕಲ್ಲು ಸರಬರಾಜು ಮಾಡುವವರು, ಶಾಮಿಯಾನ, ಫೋಟೋ ಸ್ಟುಡಿಯೋ, ದೋಣಿಯ ಇಂಜಿನ್ ರಿಪೇರಿ, ಟ್ಯೂಷನ್ ಕ್ಲಾಸು, 'ಮೂಲವ್ಯಾಧಿಗೆ ಆಪರೇಷನ್ ಇಲ್ಲದೆ ಚಿಕಿತ್ಸೆ', 'ನಾಡಿನ ಸಮಸ್ತ ಬಾಂಧವರಿಗೆ ಹಬ್ಬದ ಹಾರ್ದಿಕ ಶುಭಾಶಯಗಳು'. ಸಮಸ್ತ ಬಾಂಧವರು ಅಂದರೆ ಯಾರು ಎಂದು ಕೇಳಬೇಡಿ. ಅದು ಮುದ್ರಣಾಲಯದಲ್ಲಿ ಮೊದಲೇ ಜೋಡಿಸಿಟ್ಟ ಸಾಲು. ಕೆಳಗೆ 'ಪ್ರೊ.' ಎಂದು ಹಾಕಿ ಮಾಲೀಕನ ಹೆಸರು. ನಮ್ಮ ಜೊತೆಗಿದ್ದ ವಿದ್ಯಾರ್ಥಿಯೊಬ್ಬ ಇವರೆಲ್ಲ ಪ್ರೊಫೆಸರುಗಳೇ ಅಂದುಕೊಂಡಿದ್ದ. ಅವನದೇನೂ ತಪ್ಪಿಲ್ಲ, ಹೆಸರಿನ ಮುಂದೆ ಏನಾದರೊಂದು ಇದ್ದರೇ ಈ ದೇಶದಲ್ಲಿ ಮರ್ಯಾದೆ.

ಜಾಹೀರಾತನ್ನು ಪತ್ರಿಕೆಯ ಬಾಲಂಗೋಚಿ ಎಂದು ತಿಳಿಯುವುದೂ ಸರಿಯಲ್ಲ. 1780ರಲ್ಲಿ ಕಲ್ಕತ್ತೆಯಲ್ಲಿ ಹಿಕಿ ಎಂಬಾತ ಹೊರಡಿಸಿದ, ಈ ದೇಶದ ಮೊದಲನೆಯದೆನ್ನುವ ಪತ್ರಿಕೆಯ ಪೂರ್ತಿ ಹೆಸರಿನಲ್ಲೇ 'ಅಡ್ವರ್ಟೈಸರ್' ಎಂಬ ಮಾತಿತ್ತು. ಇಂದಿಗೂ ತಾಲ್ಲೂಕು ಮಟ್ಟದ ಬಾತ್ಮೀದಾರನ ಹೊಟ್ಟೆ ತುಂಬುವುದು ಸುದ್ದಿಯಿಂದಲ್ಲ, ವಿಶೇಷಾಂಕಕ್ಕೆ ತಂದುಕೊಟ್ಟ ಜಾಹೀರಾತಿನ ಕಮಿಷನ್ನಿನಿಂದ. ಯಾರ ಅಂಗಡಿಗೆ ಜಾಹೀರಾತಿಗೆಂದು ಹೋಗಬೇಕೋ ಅವರ ಗೋದಾಮಿನ ಕೂಲಿಯ ಬಗ್ಗೆ ಅವನು ಹೇಗೆ ಬರೆದಾನು? ಇಷ್ಟು ಹೇಳಿ ಮುಂದೆ ಹೋಗುತ್ತೇವೆ, ಇದು ಎಲ್ಲರೂ ಕಂಡದ್ದೇ.

ನಮ್ಮನ್ನು ತಡೆದು ನಿಲ್ಲಿಸಿದ್ದು ಒಂದು ಪದ. ವಂಶಪಾರಂಪರ್ಯ.

ತದಡಿಯಿಂದ ಕೆಲವೇ ಮೈಲಿಯಾಚೆ ಗೋಕರ್ಣ. ಅಲ್ಲಿಯ ಪಿತೃಕಾರ್ಯ, ನಾರಾಯಣ ಬಲಿ, ಶಾಂತಿ ಹೋಮಗಳ ಜಾಹೀರಾತಿನಲ್ಲಿ ಈ ಪದ ಇರುತ್ತದೆ: 'ವಂಶಪಾರಂಪರ್ಯವಾಗಿ ಮಾಡಿಸಿಕೊಂಡು ಬಂದವರು, ಊಟ ವಸತಿ ಉಂಟು'. ಜ್ಯೋತಿಷಿಯ ಜಾಹೀರಾತಿನಲ್ಲಿ ಇರುತ್ತದೆ. ನಾಟಿ ವೈದ್ಯರದ್ದರಲ್ಲಿ, ಬಂಗಾರದ ಕೆಲಸದವರದ್ದರಲ್ಲೂ ಇರುತ್ತದೆ. ಅಪ್ಪ, ಅಜ್ಜ, ಮುತ್ತಜ್ಜ ಇದನ್ನೇ ಮಾಡಿದರು, ಆದ್ದರಿಂದ ನಮ್ಮನ್ನು ನಂಬಿ ಎಂದು ಅದರ ಅರ್ಥ. ಯಾವ ವಿಶ್ವವಿದ್ಯಾಲಯದ ಸರ್ಟಿಫಿಕೇಟೂ ಬೇಡ, ಹುಟ್ಟೇ ಸರ್ಟಿಫಿಕೇಟು.

ಸರಿ. ಹಾಗಾದರೆ ಈ ಕರಾವಳಿಯಲ್ಲಿ ವಂಶಪಾರಂಪರ್ಯವಾಗಿ ಕೆಲಸ ಮಾಡಿದವರು ಬೇರೆ ಯಾರೂ ಇಲ್ಲವೇ? ಇದ್ದಾರಲ್ಲ! ಆಗರ ಎಂದರೆ ಉಪ್ಪಿನ ಗದ್ದೆ. ಆಗೇರರ ಹೆಸರೇ ಅವರ ಕೆಲಸದಿಂದ ಬಂದದ್ದು. ಸಾಣಿಕಟ್ಟೆಯ ಉಪ್ಪು ಈ ಸೀಮೆಯಲ್ಲಿ ಹೆಸರುವಾಸಿ. ಗಂಜಿಗೆ ಆ ಉಪ್ಪೇ ಬೇಕು ಅನ್ನುವ ಮುದುಕರನ್ನು ನಾವು ಕಂಡಿದ್ದೇವೆ. ಆದರೆ 'ವಂಶಪಾರಂಪರ್ಯವಾಗಿ ಉಪ್ಪು ಮಾಡಿಕೊಂಡು ಬಂದವರು' ಎಂದು ಒಬ್ಬ ಆಗೇರನ ಹೆಸರು, ವಿಳಾಸ ಹಾಕಿದ ಜಾಹೀರಾತು ನಾವು ತಿರುವಿದ ಪುಟಗಳಲ್ಲಿ ಒಂದೂ ಇರಲಿಲ್ಲ. ಮುಕ್ರಿಯವರದ್ದಿಲ್ಲ, ಚಮಗಾರರದ್ದಿಲ್ಲ. ತಲೆಮಾರುಗಳಿಂದ ಗಜನಿಯ ಕಟ್ಟೆ ಕಾಯ್ದು, ಉಪ್ಪುನೀರಿನಲ್ಲಿ ಕಗ್ಗ ಭತ್ತ ಬೆಳೆಯುವುದು ಹೇಗೆಂದು ಬಲ್ಲವರದ್ದೂ ಇಲ್ಲ. ಅವರ ಹೆಸರು, ಕಸುಬು ಎಲ್ಲ ಅಚ್ಚಾಗಿ ಬಂದದ್ದು ಬೇರೊಂದು ಕಡೆ: ಬ್ರಿಟಿಷರು 1883ರಲ್ಲಿ ಪ್ರಕಟಿಸಿದ ಮುಂಬಯಿ ಪ್ರಾಂತದ ಕೆನರಾ ಗ್ಯಾಝೆಟಿಯರಿನಲ್ಲಿ. ಯಾವ ಜಾತಿ, ಯಾವ ಕೆಲಸ, ಏನು ಉಣ್ಣುತ್ತಾರೆ, ಏನು ಉಡುತ್ತಾರೆ ಎಂದು ಒಂದೊಂದಾಗಿ ಬರೆದಿಟ್ಟರು. ಅದು ಜಾಹೀರಾತಲ್ಲ, ಪಂಚನಾಮೆ.

ಮೇಲಿನವನಿಗೆ ವಂಶಪಾರಂಪರ್ಯ ಎಂಬುದು ಬಿರುದು. ಕೆಳಗಿನವನಿಗೆ ಅದೇ ಪದ ಬೈಗುಳ. 'ನಿನ್ನ ಅಪ್ಪ ಇದನ್ನೇ ಮಾಡ್ತಿದ್ದನಲ್ಲೋ' ಎಂಬ ಒಂದೇ ವಾಕ್ಯವನ್ನು ಪುರೋಹಿತರ ಮಗನಿಗೆ ಹೇಳಿ ನೋಡಿ, ಚಮಗಾರರ ಮಗನಿಗೆ ಹೇಳಿ ನೋಡಿ. ಶಾಲೆಯ ಮಾಸ್ತರರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಜಾಹೀರಾತು ಕೊಡದ ಇನ್ನೊಂದು ವರ್ಗವೂ ಇದೆ. ವಕೀಲರು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯಬಾರದೆಂದು ಬಾರ್ ಕೌನ್ಸಿಲ್ಲಿನ ನಿಯಮವೇ ಇದೆ. ವೈದ್ಯರೂ ಹಾಗೆಯೇ. 2002ರ ವೈದ್ಯಕೀಯ ಮಂಡಳಿಯ ನಿಯಮದಂತೆ ದವಾಖಾನೆ ತೆರೆದದ್ದು, ವಿಳಾಸ ಬದಲಾದದ್ದು, ರಜೆ ಹೋದದ್ದು, ಮರಳಿ ಬಂದದ್ದು ಇಂಥವನ್ನು ಪತ್ರಿಕೆಯಲ್ಲಿ ತಿಳಿಸಬಹುದು. ರೋಗಿಗಳನ್ನು ಕೂಗಿ ಕರೆಯುವಂತಿಲ್ಲ. ಅವರು ಜಾಹೀರಾತು ಕೊಡದಿರುವುದು ವೃತ್ತಿಗೌರವ. ನಮ್ಮವರು ಕೊಡದಿರುವುದಕ್ಕೆ ಯಾರೂ ಹೆಸರೇ ಇಟ್ಟಿಲ್ಲ.

ವೈದ್ಯರ ಮಾತು ಬಂದದ್ದಕ್ಕೆ ಒಂದು ಅಡ್ಡ ಮಾತು. ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವುದು, ಮಂಗಳೂರು ಮಣಿಪಾಲ ಕಡೆಯ ತಜ್ಞರು ಇಂಥ ವಾರ ಇಂಥ ಊರಿನಲ್ಲಿ ಸಿಗುತ್ತಾರೆ ಎಂಬ ಪ್ರಕಟಣೆ. ಹೃದಯಕ್ಕೆ ಒಂದು ವಾರ, ಕಿಡ್ನಿಗೆ ಒಂದು ವಾರ. ಉಳಿದ ದಿನ ಎದೆನೋವು ಬಂದರೆ? 2019ರಲ್ಲಿ ಜಿಲ್ಲೆಯ ಹುಡುಗರು ಹುಡುಗಿಯರು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಮೊಬೈಲಿನಲ್ಲೇ ಚಳವಳಿ ಎಬ್ಬಿಸಿದರು. 2022ರ ಜುಲೈನಲ್ಲಿ ಶಿರೂರು ಟೋಲಿನಲ್ಲಿ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಉರುಳಿದ ಮೇಲೆ ಆ ಕೂಗು ಮತ್ತೆ ಎದ್ದಿತು. ಆ ಚಳವಳಿಯ ಕಾರಣವೆಲ್ಲ ಜಾಹೀರಾತು ಪುಟದಲ್ಲಿ ಮೊದಲೇ ಇತ್ತು, ಓದುವ ಕಣ್ಣು ಬೇಕಿತ್ತು ಅಷ್ಟೆ. ಅದೇ ಪುಟದ ಕೆಳಗಡೆ ವಶೀಕರಣ, ತಾಯತ, ಇಪ್ಪತ್ನಾಲ್ಕು ಗಂಟೆಯಲ್ಲಿ ಪರಿಹಾರ. ಮಂತ್ರ ತಂತ್ರದಿಂದ ರೋಗ ವಾಸಿ ಮಾಡುವ ಜಾಹೀರಾತಿಗೆ 1954ರಷ್ಟು ಹಿಂದೆಯೇ ಕಾನೂನು ತಡೆ ಹಾಕಿದೆ. ಆಸ್ಪತ್ರೆ ಇಲ್ಲದ ಕಡೆ ತಾಯತದವನು ಬದುಕುತ್ತಾನೆ, ಕಾನೂನು ಕಪಾಟಿನಲ್ಲಿ ಇರುತ್ತದೆ.

ಇನ್ನು ಕೆಲಸ ಇದ್ದು ಕೆಲಸಗಾರ ಇಲ್ಲದ ಜಾಹೀರಾತು. 'ಸೆಪ್ಟಿಕ್ ಟ್ಯಾಂಕ್ ಕ್ಲೀನಿಂಗ್, 24 ಗಂಟೆ ಸೇವೆ'. ಒಂದು ಫೋನ್ ನಂಬರು, ಒಂದು ಟ್ಯಾಂಕರ್ ಲಾರಿಯ ಚಿತ್ರ. ಪುರೋಹಿತರ ಜಾಹೀರಾತಿನಲ್ಲಿ ಮೂರು ತಲೆಮಾರಿನ ಹೆಸರಿದ್ದರೆ ಇಲ್ಲಿ ಒಂದು ಹೆಸರೂ ಇಲ್ಲ. ಪೈಪು ಮುಟ್ಟದ ಮೂಲೆಗೆ ಇಳಿಯುವವನು ಯಾರು? ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ್ದು 1970ರ ದಶಕದಲ್ಲಿ. ದೇಶಕ್ಕೆಲ್ಲ ಕಾನೂನು ಬಂದದ್ದು 1993ರಲ್ಲಿ, ಮತ್ತೆ 2013ರಲ್ಲಿ. ಗುಂಡಿಯಲ್ಲಿ ಸತ್ತವನ ಮನೆಯವರಿಗೆ ಹತ್ತು ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು ಮೂವತ್ತು ಲಕ್ಷ ಮಾಡಿತು. ಬದುಕಿರುವಾಗ ಜಾಹೀರಾತಿನಲ್ಲಿ ಹೆಸರಿಲ್ಲದವನು ಸತ್ತ ದಿನ ಸುದ್ದಿಯ ಕಾಲಮ್ಮಿನಲ್ಲಿ ಹೆಸರು ಪಡೆಯುತ್ತಾನೆ.

ಇಲ್ಲಿ ನಮ್ಮ ಎಡಪಂಥದ ಗೆಳೆಯರು ತಡೆಯುತ್ತಾರೆ. 'ಎಂಥ ಮಾರಾಯ್ರೇ, ಜಾಹೀರಾತು ಬಂಡವಾಳಶಾಹಿಯ ಚಾಳಿ. ದುಡ್ಡಿದ್ದವನು ಕೊಡ್ತಾನೆ, ಇಲ್ಲದವನು ಕೊಡೋದಿಲ್ಲ. ಇದರಲ್ಲಿ ಜಾತಿ ಎಲ್ಲಿ ತರ್ತೀರಿ?' ಗೆಳೆಯರ ಮಾತು ತಳ್ಳಿಹಾಕುವಂಥದ್ದಲ್ಲ, ದುಡ್ಡಿನ ಪ್ರಶ್ನೆ ಇದ್ದೇ ಇದೆ. ಆದರೆ ದುಡ್ಡೊಂದೇ ಆಗಿದ್ದರೆ 1920ರಲ್ಲಿ ನಡೆದದ್ದಕ್ಕೆ ಏನು ಹೇಳುವುದು? ಆ ವರ್ಷದ ಜನವರಿ 31ರಂದು ಅಂಬೇಡ್ಕರ್ 'ಮೂಕನಾಯಕ' ಆರಂಭಿಸಿದರು. ಶಾಹು ಮಹಾರಾಜರು ಎರಡೂವರೆ ಸಾವಿರ ರೂಪಾಯಿ ನೆರವು ಕೊಟ್ಟಿದ್ದರು. ಹೊಸ ಪತ್ರಿಕೆ ಬರುತ್ತಿದೆ ಎಂಬ ಜಾಹೀರಾತನ್ನು ಟಿಳಕರ 'ಕೇಸರಿ'ಗೆ ಕಳಿಸಿದರೆ, ದುಡ್ಡು ಕೊಡುತ್ತೇವೆಂದರೂ 'ಕೇಸರಿ' ಹಾಕಲಿಲ್ಲ. ಟಿಳಕರು ಆಗಿನ್ನೂ ಬದುಕಿದ್ದರು. ಸ್ವರಾಜ್ಯ ಜನ್ಮಸಿದ್ಧ ಹಕ್ಕು; ಕಾಲಮ್ಮಿನಲ್ಲಿ ನಾಲ್ಕು ಸಾಲಿನ ಜಾಗ ಮಾತ್ರ ಹಕ್ಕಲ್ಲ. ವ್ಯಾಪಾರಿ ಬುದ್ಧಿ ಇದ್ದಿದ್ದರೆ ದುಡ್ಡು ಎಣಿಸಿಕೊಂಡು ಅಚ್ಚು ಹಾಕುತ್ತಿದ್ದರು. ಅಲ್ಲಿ ಕೆಲಸ ಮಾಡಿದ್ದು ವ್ಯಾಪಾರಕ್ಕಿಂತ ಹಳೆಯದಾದ ಬುದ್ಧಿ.

ಬೋರ್ಡಿನ ಒಂದು ಪದಕ್ಕೆ ಎಷ್ಟು ತೂಕ ಎಂಬುದನ್ನು ಪೆರಿಯಾರ್ ಬಲ್ಲವರಾಗಿದ್ದರು. 1957ರಲ್ಲಿ ಮದ್ರಾಸಿನ ತಿರುವಲ್ಲಿಕೇಣಿಯ ಮುರಳಿ ಕೆಫೆಯ ಬೋರ್ಡಿನಲ್ಲಿದ್ದ 'ಬ್ರಾಹ್ಮಣರ' ಎಂಬ ಮಾತು ಇಳಿಯಬೇಕೆಂದು ಅವರ ಕಡೆಯವರು ತಿಂಗಳುಗಟ್ಟಲೆ ಹೋಟೆಲಿನ ಮುಂದೆ ನಿಂತರು, ಜೈಲಿಗೆ ಹೋದರು. ಕೊನೆಗೆ ಪದ ಇಳಿಯಿತು. ಇಡ್ಲಿ ಅದೇ, ಸಾಂಬಾರು ಅದೇ. ನಮ್ಮ ಕಡೆ ಆ ಪದ ಸದ್ದಿಲ್ಲದೆ ಮಗ್ಗುಲು ಬದಲಿಸಿ 'ಶುದ್ಧ ಸಸ್ಯಾಹಾರಿ' ಆಗಿ ಕೂತಿದೆ. ಬಾಡಿಗೆ ಮನೆಯ ಜಾಹೀರಾತಿನಲ್ಲೂ ಅದೇ. ಸೊಪ್ಪು ತಿನ್ನುವ ದಲಿತನಿಗೆ ಆ ಮನೆ ಸಿಗುತ್ತದೆಯೇ?

ಹಾಗೆಂದು ಜಾಹೀರಾತನ್ನು ಕಂಡು ಮೂಗು ಮುರಿಯಲು ನಮಗೆ ಮನಸ್ಸಿಲ್ಲ. ಸುಗ್ಗಿಯಲ್ಲಿ ಇಷ್ಟು ಕೊಳಗ ಭತ್ತ ಅಂತ ಒಡೆಯರು ಅಳೆದುಕೊಟ್ಟಷ್ಟನ್ನು ಪಡೆದು ಅಂಗಳದಲ್ಲಿ ಕೂತು ಕ್ಷೌರ ಮಾಡುತ್ತಿದ್ದವನ ಮೊಮ್ಮಗ ಇಂದು ಪೇಟೆಯಲ್ಲಿ 'ಮೆನ್ಸ್ ಪಾರ್ಲರ್' ಎಂದು ಬೋರ್ಡು ಹಾಕಿ, ಪತ್ರಿಕೆಯಲ್ಲಿ ರೇಟು ಸಮೇತ ಜಾಹೀರಾತು ಕೊಡುತ್ತಾನೆ. ಮಂಗಳವಾರ ರಜೆ ಎಂದೂ ಹಾಕುತ್ತಾನೆ! ಅವನ ಅಜ್ಜನಿಗೆ ರಜೆ ಎಂಬುದು ಇತ್ತೇ? ಕರೆದಾಗ ಹೋಗುವ ಕೆಲಸ, ಬೇಕಾದವರು ಬಂದು ಕೇಳುವ ಕೆಲಸವಾದದ್ದು ಸಣ್ಣ ಬದಲಾವಣೆಯಲ್ಲ. ಆದರೆ ಆ ಚೌಕಟ್ಟಿನೊಳಗೆ ಹೋಗುವಾಗ ಏನನ್ನು ಹೊರಗೆ ಬಿಟ್ಟು ಹೋಗಬೇಕಾಯಿತು ನೋಡಿ. ಹೆಗಡೆ, ಭಟ್ಟ, ಪೈ, ಕಾಮತ, ಶಾನಭಾಗ, ನಾಯಕ ಇವೆಲ್ಲ ಅಂಗಡಿಯ ಹೆಸರಾಗಬಲ್ಲವು, ಗಿರಾಕಿ ತರಬಲ್ಲವು. ನಮ್ಮ ಹುಡುಗರು ವೈರಿಂಗ್ ಕಲಿತು ಅಂಗಡಿ ಹಾಕಿದರೆ ಅಡ್ಡಹೆಸರು ಬಿಟ್ಟು ದೇವರ ಹೆಸರು ಇಡುತ್ತಾರೆ. ಶ್ರೀ ಮಹಾಬಲೇಶ್ವರ ಎಂಬ ಹೆಸರಿನ ಎಷ್ಟು ಅಂಗಡಿಗಳ ಹಿಂದೆ ಭಕ್ತಿಯಿದೆ, ಎಷ್ಟರ ಹಿಂದೆ ಭಯವಿದೆ ಎಂದು ಲೆಕ್ಕ ಹಾಕಿದವರಿಲ್ಲ.

ತದಡಿಯ ಬೆಂಚಿನಿಂದ ಎದ್ದಾಗ ಇಳಿತದ ಹೊತ್ತು. ಸೊಂಟದವರೆಗೆ ನೀರಿನಲ್ಲಿ ನಿಂತು ಹೆಂಗಸರು ಬೆಳಚು ಆರಿಸುತ್ತಿದ್ದರು. ಈ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಮೀನು, ಏಡಿ, ಬೆಳಚು, ಗಜನಿ ಬೇಸಾಯ, ಉಪ್ಪು ಎಲ್ಲ ಸೇರಿ ಆರರಿಂದ ಏಳೂವರೆ ಸಾವಿರ ಕುಟುಂಬಗಳ ಬದುಕು ಇದರ ಮೇಲಿದೆ ಎಂದು ಸರ್ಕಾರದ ಪ್ರಕಟಣೆಯೇ ಹೇಳಿತು. ಇಷ್ಟು ಕುಟುಂಬಗಳ ಕಸುಬಿಗೆ ಜಾಹೀರಾತು ಅಂದರೆ ಇಂದಿಗೂ ತಲೆಯ ಮೇಲಿನ ಬುಟ್ಟಿ ಮತ್ತು 'ಬೆಳಚು ಬೇಕ್ರೋ' ಎಂಬ ಕೂಗು. ಅವರ ಊರಿನ ಹೆಸರು ದಪ್ಪ ಅಕ್ಷರದಲ್ಲಿ ಪತ್ರಿಕೆಯಲ್ಲಿ ಬಂದದ್ದು 4000 ಮೆಗಾವ್ಯಾಟಿನ ವಿದ್ಯುತ್ ಸ್ಥಾವರ ಬರುತ್ತದೆ, ಬಂದರು ಬರುತ್ತದೆ ಎಂಬ ಮಾತು ಎದ್ದಾಗ.

ಅದಕ್ಕೆ ನಾವೊಂದು ಯೋಚನೆ ಮಾಡಿದ್ದೆವು. ನಮ್ಮ ಈ ಪತ್ರಿಕೆಯ ಕೊನೆಯ ಪುಟದಲ್ಲಿ ದುಡ್ಡಿಲ್ಲದ ಜಾಹೀರಾತು ಹಾಕುವುದು. ಬೆಳಚಿನವರದ್ದು, ಉಪ್ಪಿನವರದ್ದು, ಬುಟ್ಟಿ ಹೆಣೆಯುವವರದ್ದು. ಹೆಸರು ಹಾಕಿ, ಕಸುಬು ಹಾಕಿ, ಮೇಲೆ 'ವಂಶಪಾರಂಪರ್ಯ' ಎಂದೇ ದಪ್ಪಕ್ಷರದಲ್ಲಿ ಹಾಕಿ. ದಡಕ್ಕೆ ಬಂದ ಒಬ್ಬ ಹಿರಿಯ ಹೆಂಗಸನ್ನು ಉತ್ಸಾಹದಿಂದ ಕೇಳಿದೆವು: 'ಅಕ್ಕಾ, ನಿಮ್ಮ ಹೆಸರು ಪೇಪರಿನಲ್ಲಿ ಹಾಕೋಣವಾ?'

ಆಕೆ ಬುಟ್ಟಿಯ ನೀರು ಬಸಿಯುತ್ತ ಹೇಳಿದಳು: 'ಹೆಸರು ಹಾಕಿ ಎಂತ ಮಾಡೂದು ತಮ್ಮಾ? ನನ್ನ ಹೆಸರು ಊರಿಗೆಲ್ಲ ಗೊತ್ತು. ಗೋವಾದಲ್ಲಿ ಈ ಬೆಳಚಿಗೆ ಎಷ್ಟು ಕೊಡ್ತಾರೆ ಅಂತ ಹಾಕಿ. ಅದೊಂದು ನಮ್ಗೆ ಯಾರೂ ಹೇಳೂದಿಲ್ಲ.'

ಹೆಸರಿನ ಬಗ್ಗೆ ಇಷ್ಟುದ್ದ ಯೋಚಿಸಿಕೊಂಡು ಹೋಗಿದ್ದ ನಮಗೆ ಉತ್ತರ ಹೊಳೆಯಲಿಲ್ಲ. ಇದನ್ನು ಬರೆಯುವ ಹೊತ್ತಿಗೆ ಇಬ್ಬರು ಗೆಳೆಯರು ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಮಡಗಾಂವಿನ ರೈಲು ಹತ್ತಿದ್ದಾರೆ. ಅಲ್ಲಿಯ ಮೀನುಪೇಟೆಯ ದರ ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ ಬರುತ್ತದೆ.